ನೀಲವ್ವನಿಗೆ ಒಂದು ಪ್ರಾಸ

ಪದ್ಯ ಕಂಡರೆ ದೂರ ಓಡುವವನ ಕಾಲಿಗೇ ಪದ್ಯ ಬಂದು ತೊಡರುತ್ತದೆ. ನನಗೆ ಹಾಗೆ ಆಗುತ್ತಲೇ ಬಂದಿದೆ.

ಎಪ್ಪತ್ತರ ದಶಕ. ನಾನು ತಿಕೋಟಾದ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ. ಮದುವೆಗೆ ಬಬಲೇಶ್ವರದ ಹುಡುಗಿ ಗೊತ್ತಾದಳು. ನಮ್ಮ ಕಡೆ ತಾಳಿ ಕಟ್ಟಿದ ಮೇಲೆ ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡ ಹೆಂಡತಿಯ ಹೆಸರನ್ನು, ಹೆಂಡತಿ ಗಂಡನ ಹೆಸರನ್ನು ಪ್ರಾಸ ಕೂಡಿಸಿ ಹೇಳಬೇಕು. ಅದೇ ಒಡಪು. ಹೇಳದಿದ್ದರೆ ಒಳಗೆ ಬಿಡುವುದಿಲ್ಲ. ಆ ಹುಡುಗಿಯ ಮನೆಯ ಹಿರಿಯ ಅಳಿಯನಿಗೆ ತನ್ನ ಮದುವೆಯಲ್ಲಿ ಒಡಪು ಬರಲಿಲ್ಲ. ಸಂಜೆತನಕ ಹೊರಗೆ ಮದುವೆಯ ಹಂದರದಲ್ಲೇ ಕೂತ. ಮಕ್ಕಳಾದ ಮೇಲೂ ಊರವರಿಗೆ ಅವನು ‘ಹೊರಗಿನ ಅಳಿಯ’. ನನಗೆ ಆ ಹೆಸರು ಬೇಡವಾಗಿತ್ತು.

೧. ಆನೆ

ನಮ್ಮ ಸಾಲೆಯ ಕನ್ನಡ ಪಂಡಿತರನ್ನು ಕೇಳಿದೆ. “ಪ್ರಾಸ ಅಂದರ ಏನ್ರಿ?”

“ಪ್ರತಿ ಸಾಲಿನ ಎರಡನೇ ಅಕ್ಷರ ಒಂದ ಇರಬೇಕು. ಕನ್ಯಾದ ಹೆಸರೇನು?”

“ನೀಲವ್ವ.”

“ಮೊದಲಿನ ಅಕ್ಷರ ದೀರ್ಘ. ಹಂಗಾದರ ಗಜಪ್ರಾಸ. ಹ್ರಸ್ವ ಇದ್ದಿದ್ದರ ಸಿಂಹ. ಸೊನ್ನಿ ಇದ್ದರ ವೃಷಭ. ಇನ್ನ ಕುದುರಿ, ಆಡು, ಶರಭ ಅದಾವು.”

“ಗಜ ಅಂದರ ಆನಿ ಏನ್ರಿ?”

“ಹೌದ್ರಿ ಮಾಸ್ತರ, ಆನಿ.”

“ಅವರ ಮನಿ ಬಾಗಿಲ ಸಣ್ಣದೈತ್ರಿ. ಆನಿ ಹಿಡಿಯೂದಿಲ್ಲ.”

೨. ಗುಂಡಿ

ಮದುವೆಯ ಕೋಟು ಹೊಲಿಸಲು ವಿಜಾಪುರಕ್ಕೆ ಹೋದೆ. ಗೋಳಗುಮ್ಮಟದ ಹತ್ತಿರ ಒಬ್ಬ ದರ್ಜಿ. ಉರ್ದು ಶಾಯರಿಯ ಹುಚ್ಚಿನವನು. ಎದೆಯ ಅಳತೆ ಹಿಡಿದಾಗ ಅವನನ್ನೂ ಕೇಳಿದೆ.

“ಮಾಸ್ತರ, ಕಡೀ ಶಬ್ದ ಎಲ್ಲಾ ಸಾಲಿಗೂ ಅದ ಇರಬೇಕು. ಪ್ರಾಸ ಕೂಡೂದು ಅದರ ಹಿಂದಿನ ಶಬ್ದದಾಗ.”

“ನಮ್ಮ ಪಂಡಿತರು ಮುಂದ ಅಂತಾರಲ್ಲೋ.”

“ಮುಂದ ಪ್ರಾಸ ಇಟ್ಟರ ‘ವಾಹ್’ ಯಾವಾಗ ಅನ್ನೂದ್ರಿ? ನಮ್ಮಲ್ಲಿ ತುದೀಗೆ ಬಂದ ಮ್ಯಾಲನ ‘ವಾಹ್’.”

ಮುಂದೆಯೋ ಹಿಂದೆಯೋ ಎಂದು ಯೋಚಿಸುತ್ತ ನಿಂತೆ.

“ಇರಲಿ. ಮೊದಲ ಗುಂಡಿ ಎಲ್ಲಿ ಹಚ್ಚಲ್ರಿ?” ಅಂದ.

“ಎರಡನೇ ಅಕ್ಷರಕ್ಕ ಹಚ್ಚು” ಅಂದೆ.

೩. ಅನುಭವಸ್ಥ

ಬಬಲೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಹಿರಿಯ ಅಳಿಯ ಸಿಕ್ಕ. ಸೋತವನಿಗೆ ತಪ್ಪು ಎಲ್ಲಿದೆ ಎಂಬುದು ಗೊತ್ತಿರುತ್ತದೆ ಎಂದು ಅವನನ್ನೂ ಕೇಳಿದೆ.

“ಅಣ್ಣಾವ್ರ, ಒಡಪು ಹೇಳಾಕ ಏನ ಮಾಡಬೇಕ್ರಿ?”

ಅವನು ನನ್ನ ಕೈ ಹಿಡಿದುಕೊಂಡ.

“ಏನೂ ಮಾಡಬ್ಯಾಡೋ ತಮ್ಮಾ. ನೀನೂ ಹೊರಗ ಕುಂದರು. ನನಗ ಒಬ್ಬವಗ ಬ್ಯಾಸರಾಗೇತಿ.”

೪. ಬಾಗಿಲು

ಮದುವೆಯಾಯಿತು. ಬಾಗಿಲಲ್ಲಿ ಹೆಂಗಸರ ಗೋಡೆ. ಎದುರಿಗೆ ನೀಲವ್ವನ ದೊಡ್ಡವ್ವ, ಸೊಂಟದ ಮೇಲೆ ಕೈ ಇಟ್ಟು.

ಪಂಡಿತರ ಮಾತನ್ನೇ ನಂಬಿ ಹೇಳಿದೆ:

“ಸಾಲಿಯ ಗಂಟಿ,
ಕೋಲಿನ ತುದಿ,
ಹಾಲಿನ ಗಿಂಡಿ,
ನೀಲವ್ವ.”

“ಯವ್ವಾ, ಇಂವಾ ಸಂತಿ ಸಾಮಾನ ಹೇಳಾಕತ್ತಾನ ನೋಡ” ಅಂದಳು ಒಬ್ಬಳು.

ಹಂದರದಲ್ಲಿ ಕೂತಿದ್ದ ಪಂಡಿತರು ಎದ್ದು ನಿಂತರು. “ಶುದ್ಧ ಗಜಪ್ರಾಸ! ಎರಡನೇ ಅಕ್ಷರ ನೋಡ್ರಿ ತಾಯಿ!”

“ಎರಡನೇದು ಯಾರಿಗೆ ಬೇಕ್ರಿ? ಕಡೀಕ ಕೂಡಬೇಕು” ಅಂದಳು ದೊಡ್ಡವ್ವ. ಬಾಗಿಲು ಬಿಡಲಿಲ್ಲ.

ಹಿರಿಯ ಅಳಿಯ ಚಾಪೆಯ ಮೇಲೆ ಸರಿದು ನನಗೆ ಜಾಗ ಮಾಡಿದ.

ಬಿಸಿಲು. ಹೊಟ್ಟೆ ಹಸಿದಿತ್ತು. ಪಕ್ಕದಲ್ಲಿ ನೀಲವ್ವ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನನ್ನ ಬಾಯಿಗೆ ಮೈದಾನದ ದನಿಯೇ ಬರುತ್ತದೆ.

“ಏಕ್, ದೋ, ತೀನ್, ಚಾರ್!
ಬಾಗಿಲ ಬಿಡ್ರಿ, ನೀಲವ್ವಗ ನಿಂತು ನಿಂತು ಬೇಜಾರ್!”

ಅರ್ಧ ಹೆಂಗಸರು ಹೆದರಿ ಅಡುಗೆಮನೆ ಸೇರಿದರು. ಪ್ರಾಸ ಕೂಡಿದ್ದು ನನಗೆ ಗೊತ್ತಾಗಲಿಲ್ಲ. ದೊಡ್ಡವ್ವನಿಗೆ ಗೊತ್ತಾಯಿತು.

“ಕೂಡಿತು ಬೇ, ಕೂಡಿತು! ಇನ್ನ ನೀ ಹೇಳ ನೀಲಾ.”

ನೀಲವ್ವ ತಲೆ ತಗ್ಗಿಸಿ, ತಡವರಿಸದೆ ಹೇಳಿದಳು:

“ಮಾತಾಡಂದ್ರ ಗಪ್ಪ, ಬಾಯಿ ತೆಗೆದ್ರ ಗುಡುಗಪ್ಪ,
ಹಣಿಯಾಗ ಬರೆದಿದ್ದ ಗಂಡ ನಮ್ಮ ಬಸಪ್ಪ!”

ಹಂದರವೆಲ್ಲ ನಕ್ಕಿತು. ಬಾಗಿಲು ಬಿಟ್ಟರು. ನಾನು ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಒಳಗೆ ಹೋದೆ. ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದೆ.

“ಹೊಗಳಿದಿಯೋ, ಬೈದಿಯೋ?”

ಹೋಳಿಗೆ ಮುರಿಯುತ್ತ ಅಂದಳು:

“ಅರ್ಥ ಯಾಕ ಕೇಳ್ತೀರಿ? ಪ್ರಾಸ ಕೂಡೈತಿಲ್ರಿ, ಉಣ್ರಿ.”