ನಲವತ್ತೇಳು ಮಂದಿ ಸಾಧಿಸಿದ ಲೆಕ್ಕ

ಜಗತ್ತಿನ ಪ್ರಶ್ನೆಗಳಲ್ಲೆಲ್ಲ ಬಹಳ ದಯಾಳುವಾದದ್ದು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಯೋಚನೆ ಮಾಡದೆ ಹೇಳಿಬಿಡುತ್ತೇನೆ: ಪಿಯುಸಿ ಗಣಿತದ ‘ಸಾಧಿಸಿ ತೋರಿಸಿ’ ಎಂಬ ಪ್ರಶ್ನೆ. ಉಳಿದ ಪ್ರಶ್ನೆಗಳು ಉತ್ತರವನ್ನು ತಮ್ಮ ಹೊಟ್ಟೆಯಲ್ಲಿಟ್ಟುಕೊಂಡು ನಮ್ಮ ಮುಖ ನೋಡುತ್ತ ಕೂರುತ್ತವೆ. ಇದು ಹಾಗಲ್ಲ. ಎಡಗಡೆ ಇದಿದೆ, ಬಲಗಡೆ ಅದಿದೆ, ಎರಡೂ ಒಂದೇ, ನಡುವೆ ನಾಲ್ಕು ಸಾಲು ಬರೆದು ಪುಣ್ಯ ಕಟ್ಟಿಕೊಳ್ಳಪ್ಪ ಎನ್ನುತ್ತದೆ. ನಾನು ವಿದ್ಯಾರ್ಥಿಯಾಗಿದ್ದಾಗ ತ್ರಿಕೋನಮಿತಿಯನ್ನು ದಾಟಿದ್ದೇ ಈ ದಯೆಯಿಂದ. ಎಡಭಾಗದಿಂದ ಐದು ಸಾಲು ಕೆಳಗಿಳಿಯುವುದು, ಬಲಭಾಗದಿಂದ ಮೂರು ಸಾಲು ಮೇಲೆ ಹತ್ತುವುದು, ಎರಡೂ ಕೂಡದೆ ಉಳಿದ ಜಾಗ ಸರಿಯಾಗಿ ಪುಟದ ಕೊನೆಗೆ ಬರುವಂತೆ ನೋಡಿಕೊಳ್ಳುವುದು. ಪುಟ ತಿರುವುವ ಗಡಿಬಿಡಿಯಲ್ಲಿ ಪರೀಕ್ಷಕರೂ ನಮ್ಮ ಜೊತೆಗೇ ಆ ಹಳ್ಳ ಹಾರಿಬಿಡುತ್ತಿದ್ದರು. ಕೊನೆಗೆ ‘ಆದ್ದರಿಂದ ಎಡಭಾಗ = ಬಲಭಾಗ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರೆ ಮುಗಿಯಿತು. ಆ ಎರಡು ಗೆರೆಗಳಿಗೇ ಒಂದು ಅಂಕ ಸಿಗುತ್ತಿತ್ತೆಂದು ನಾನು ಇವತ್ತಿಗೂ ನಂಬಿದ್ದೇನೆ.

ಇಂಥ ನಾನು ಹುಬ್ಬಳ್ಳಿಯ ಒಂದು ಪಿಯು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ಮನೆ ಧಾರವಾಡದ ಮಾಳಮಡ್ಡಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನನಗಿರುವುದು ಒಂದೇ ಜಂಬ, ತರಗತಿಗೆ ಪುಸ್ತಕ ಒಯ್ಯುವುದಿಲ್ಲ. ಒಂದು ಕೈಯಲ್ಲಿ ಚಾಕ್‌ಪೀಸು, ಇನ್ನೊಂದು ಕೈ ಪ್ಯಾಂಟಿನ ಜೇಬಿನಲ್ಲಿ. ಲೆಕ್ಕಗಳೆಲ್ಲ ಬಾಯಿಪಾಠ. ಇದೇ ಮನುಷ್ಯ ಸಂತೆಗೆ ಚೀಟಿ ಬೇಡವೆಂದು ಹೋಗಿ ಮೆಂತ್ಯದ ಬದಲು ಸಬ್ಬಸಿಗೆ ಸೊಪ್ಪು ತರುತ್ತಾನೆಂಬುದು ನನ್ನ ಹೆಂಡತಿಗೆ ಮಾತ್ರ ಗೊತ್ತು. “ಬರದು ಕೊಡತೇನಂದ್ರ ನಿಮ್ಮ ಮರ್ಯಾದಿ ಹೋಗತೈತಿ. ಇನ್ನ ಸಬ್ಬಸಗಿ ತಿಂದ್ಕೋತ ಕೂಡ್ರಿ,” ಎನ್ನುತ್ತಾಳೆ. ವಾರದಲ್ಲಿ ಎರಡು ದಿನವಾದರೂ ಸಬ್ಬಸಿಗೆ ತಿನ್ನುತ್ತೇನೆ.

ಈ ವರ್ಷದ ನನ್ನ ಮೊದಲ ಪಿಯುಸಿ ತರಗತಿಯಲ್ಲಿ ಸುಗುಣಾ ಎಂಬ ಹುಡುಗಿ ಇದ್ದಾಳೆ. ಬೈರಿದೇವರಕೊಪ್ಪದಿಂದ ಬರುತ್ತಾಳೆ. ತಂದೆ ಪ್ರಭಾಕರ ಅವರು ಬಡಿಗತನದವರು, ಅಲ್ಲಿ ಏಳುತ್ತಿರುವ ಹೊಸ ಮನೆಗಳಿಗೆ ಬಾಗಿಲು ಕಿಟಕಿ ಮಾಡುತ್ತಾರೆ. ಸಮ್ಮಿಶ್ರ ಸಂಖ್ಯೆಗಳ ಪಾಠ ಶುರು ಮಾಡಿ, ಮೈನಸ್ ಒಂದರ ವರ್ಗಮೂಲವನ್ನು ‘ಐ’ ಎಂದು ಕರೆಯೋಣ ಎಂದ ದಿನವೇ ಈಕೆ ಎದ್ದು ನಿಂತಳು. “ಕರಿಯೂಣ್ರಿ ಸರ್. ಆದ್ರ ಅದು ಐತಿ ಅಂತ ಹೆಂಗ ಗೊತ್ತಾತ್ರಿ?” ನಾನು ಗಡಿಯಾರ ನೋಡಿ, “ಐದು ಮಾರ್ಕ್ಸಿಗೆ ಐತವ್ವಾ, ಕೂಡ್ರು,” ಎಂದೆ. ತರಗತಿ ನಕ್ಕಿತು. ನನಗೂ ಖುಷಿಯಾಯಿತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ಪಾಠದ ಕಿರುಪರೀಕ್ಷೆಯಲ್ಲಿ ಅವಳಿಗೆ ಇಪ್ಪತ್ತೈದಕ್ಕೆ ಒಂಬತ್ತು ಬಂತು. ಬರೆದದ್ದೆಲ್ಲ ಸರಿಯೇ ಇತ್ತು, ಆದರೆ ಬರೆದದ್ದೇ ಮೂರು ಲೆಕ್ಕ. ಸಮೀಕರಣ ಬಿಡಿಸಿ ಮೂಲಗಳನ್ನು ಕಂಡುಹಿಡಿಯುವುದು, ಆಮೇಲೆ ಆ ‘ಐ’ ಹತ್ತಿಕೊಂಡ ಮೂಲಗಳನ್ನು ಮತ್ತೆ ಸಮೀಕರಣಕ್ಕೆ ಹಾಕಿ ಸೊನ್ನೆ ಬರುತ್ತದೋ ಇಲ್ಲವೋ ನೋಡುವುದು, ಬಂದ ಮೇಲೆ ಮುಂದಿನ ಲೆಕ್ಕ. ಅಷ್ಟರಲ್ಲಿ ಗಂಟೆ ಹೊಡೆದಿತ್ತು. ಈ ಹುಡುಗಿ ತೀರ ನಿಧಾನ, ಸೈನ್ಸ್ ಇವಳಿಗಲ್ಲ, ಆರ್ಟ್ಸ್‌ಗೆ ಹೋದರೆ ಸುಖವಾಗಿರುತ್ತಾಳೆ ಎಂದು ನಾನು ತೀರ್ಮಾನಿಸಿದೆ. ವಿಭಾಗ ಬದಲಿಸುವ ಅರ್ಜಿಗೆ ಸಹಿ ಹಾಕಲು ಶುಕ್ರವಾರ ತಂದೆಯನ್ನು ಕರೆದುಕೊಂಡು ಬಾ ಎಂದೆ. ಅವಳು ಎರಡು ಸಲ “ಸರ್, ನಾ ಲಗೂ ಬರೀತೇನ್ರಿ ಸರ್,” ಎಂದಳು. ನಾನು ಕೇಳಿಸಿಕೊಳ್ಳಲಿಲ್ಲ.

ಬುಧವಾರ ಕೊನೆಯ ಪೀರಿಯಡ್ಡು ಮುಗಿಯುವ ಹೊತ್ತಿಗೆ, ಮನೆಗೆಲಸಕ್ಕೆಂದು ತ್ರಿಕೋನಮಿತಿಯ ಒಂದು ‘ಸಾಧಿಸಿ ತೋರಿಸಿ’ ಬೋರ್ಡಿನ ಮೇಲೆ ಬರೆದೆ, ಎಂದಿನಂತೆ ಪುಸ್ತಕವಿಲ್ಲದೆ. ಎಡಗಡೆ ಸೈನ್, ಕಾಸ್‌ಗಳ ದೊಡ್ಡ ಭಿನ್ನರಾಶಿ, ಬಲಗಡೆ ‘ಕಾಟ್ ಅರ್ಧ ಥೀಟಾ’. ಸರಿಯಿದೆಯೋ ಇಲ್ಲವೋ ಎಂದು ಮನಸ್ಸಿನಲ್ಲೇ ಥೀಟಾಕ್ಕೆ ತೊಂಬತ್ತು ಹಾಕಿ ನೋಡಿದೆ. ಎರಡೂ ಕಡೆ ಒಂದು ಬಂತು. ಭೇಷ್ ಎಂದುಕೊಂಡು ಕೈ ಝಾಡಿಸಿ ಬಸ್ಸು ಹಿಡಿದೆ.

ಮರುದಿನ ನಲವತ್ತೆಂಟು ನೋಟ್‌ಬುಕ್ಕುಗಳು ಸ್ಟಾಫ್ ರೂಮಿನ ನನ್ನ ಟೇಬಲ್ಲಿಗೆ ಬಂದವು. ನಾನು ತಿದ್ದುವ ರೀತಿಯನ್ನು ಬೇರೆ ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ: ಮೊದಲ ಸಾಲು, ಕೊನೆಯ ಸಾಲು, ಕೆಳಗೆ ಎರಡು ಗೆರೆ. ಮೂರೂ ಇದ್ದರೆ ಕೆಂಪು ಟಿಕ್ಕು. ಒಂದು ಕಪ್ ಚಹಾ ಆರುವುದರೊಳಗೆ ನಲವತ್ತೇಳು ಟಿಕ್ಕು ಬಿದ್ದವು. ಉಳಿದದ್ದು ಸುಗುಣಾಳದು. ಅವಳು ನಾಲ್ಕೈದು ಸಾಲು ಬರೆದು ನಿಲ್ಲಿಸಿದ್ದಳು, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಗೀಚಿದ್ದಳು, ಎರಡು ಗೆರೆ ಇರಲಿಲ್ಲ. ಉದ್ದಕ್ಕೂ ಒಂದು ಕೆಂಪು ಗೆರೆ ಎಳೆದು ‘ಅಪೂರ್ಣ’ ಎಂದು ಬರೆದೆ.

ಶುಕ್ರವಾರ ಪ್ರಭಾಕರ ಅವರು ಕೆಲಸದ ನಡುವೆಯೇ ಬಂದರು. ಅಂಗಿಯ ತೋಳಿಗೆ ಕಟ್ಟಿಗೆಯ ಪುಡಿ ಮೆತ್ತಿತ್ತು. ಸುಗುಣಾ ಅವರ ಹಿಂದೆ ತಲೆ ತಗ್ಗಿಸಿ ನಿಂತಳು.

“ನೋಡ್ರಿ ಪ್ರಭಾಕರ ಅವರ, ಹುಡುಗಿ ಶಾಣ್ಯಾಕಿ ಅದಾಳ. ಆದ್ರ ಭಾಳ ಸಾವಕಾಶ. ಇಲ್ಲಿ ಓಡಬೇಕಾಗತೈತಿ,” ಎಂದೆ.

“ಸಾವಕಾಶ ಖರೇನ ಬಿಡ್ರಿ ಸರ್. ಸಣ್ಣಾಕಿ ಇದ್ದಾಗಿಂದ ನನ್ನ ಕೂಡ ಕೆಲಸಕ್ಕ ಬರತಿದ್ಲು. ಅಳದದ್ದನ್ನ ಇನ್ನೊಮ್ಮೆ ಅಳಿಬೇಕವ್ವಾ, ಕೊಯ್ದ ಮ್ಯಾಲೆ ಅಳದ್ರ ಕಟ್ಟಿಗಿ ಬೆಳಿಯೂದಿಲ್ಲ ಅಂತ ನಾನ ಹೇಳೇನ್ರಿ. ಅದ ಕೂತೈತಿ ತಲ್ಯಾಗ.” ಅವರು ಅರ್ಜಿಯನ್ನು ಎಳೆದುಕೊಂಡರು. “ಮನಿ ಕಟ್ಟೂ ಇಂಜಿನಿಯರ್ ಆಗತೇನಿ ಅಂತಿತ್ರಿ ಕೂಸು. ಇರಲಿ. ನಿಮಗ ತಿಳೀತೈತಿ. ಎಲ್ಲಿ ಸಹಿ ಮಾಡಲ್ರಿ?”

ನಾನು ಜಾಗ ತೋರಿಸಿ ಸುಮ್ಮನಿದ್ದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಅವರ ಆ “ಇರಲಿ” ನನ್ನನ್ನು ಚುಚ್ಚಿತು. ನಾನು ಅನ್ಯಾಯ ಮಾಡುತ್ತಿಲ್ಲ ಎಂದು ತೋರಿಸಬೇಕೆನಿಸಿ, ಅವಳ ನೋಟ್‌ಬುಕ್ಕು ಬಿಡಿಸಿ ಅವರ ಮುಂದಿಟ್ಟೆ. “ಇಲ್ಲಿ ನೋಡ್ರಿ. ಉಳದ ನಲವತ್ತೇಳು ಮಂದಿ ಮಾಡ್ಯಾರ, ಈಕಿ ಒಬ್ಬಾಕಿ ಅರ್ಧಾ ಬಿಟ್ಟಾಳ.”

“ಸರ್, ಅದು ಬರೂದಿಲ್ರಿ,” ಎಂದಳು ಸುಗುಣಾ.

“ಬರೂದಿಲ್ಲಂದ್ರ? ನಾ ತೊಂಬತ್ತು ಹಾಕಿ ನೋಡೇನಿ.”

“ತೊಂಬತ್ತರ ಅರ್ಧಾ ನಲವತ್ತೈದ್ರಿ. ಅಲ್ಲಿ ಟ್ಯಾನ್‌ನೂ ಒಂದ, ಕಾಟ್‌ನೂ ಒಂದ. ಅರವತ್ತು ಹಾಕಿ ನೋಡ್ರಿ ಸರ್. ಅಂಚಿನ್ಯಾಗ ಬರದೇನ್ರಿ.”

ನಾನು ಕನ್ನಡಕ ಏರಿಸಿ ಮೊದಲ ಸಲ ಆ ಅಂಚನ್ನು ಓದಿದೆ. ಅರವತ್ತು ಹಾಕಿದರೆ ಬಲಗಡೆಯದು ಎಡಗಡೆಯ ಮೂರು ಪಟ್ಟಾಗುತ್ತಿತ್ತು. ಟ್ಯಾನ್ ಬರೆಯಬೇಕಾದಲ್ಲಿ ನಾನು ಕಾಟ್ ಬರೆದಿದ್ದೆ. ಹಾಗಾದರೆ ಉಳಿದವರು ಮಾಡಿದ್ದೇನು? ತರಗತಿಯ ಜಾಣ ಹುಡುಗ ವಿನಾಯಕನ ನೋಟ್‌ಬುಕ್ಕು ಮೇಲೇ ಇತ್ತು, ತೆಗೆದು ನೋಡಿದೆ. ಪುಟದ ಕೊನೆಯ ಸಾಲಿನಲ್ಲಿ ಟ್ಯಾನ್ ಇತ್ತು. ಪುಟ ತಿರುವಿದರೆ ಕಾಟ್. ಆಮೇಲೆ ಎರಡು ಗೆರೆ, ಅದರ ಕೆಳಗೆ ನನ್ನ ಟಿಕ್ಕು. ಇನ್ನೊಂದು ತೆಗೆದೆ, ಮತ್ತೊಂದು ತೆಗೆದೆ, ಎಲ್ಲದರಲ್ಲೂ ಅದೇ. ಒಬ್ಬನದನ್ನೇ ಎಲ್ಲರೂ ಸೈಕಲ್ ಸ್ಟ್ಯಾಂಡಿನಲ್ಲಿ ಇಳಿಸಿಕೊಂಡಿದ್ದರು. ಪುಟ ತಿರುವಿ ಹಳ್ಳ ಹಾರುವ ಈ ವಿದ್ಯೆಯನ್ನು ಪ್ರತಿ ವರ್ಷ ತಮಾಷೆಗೆಂದು ತರಗತಿಯಲ್ಲಿ ವಿವರಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದವನು ನಾನೇ.

ಪ್ರಭಾಕರ ಅವರು ಪೆನ್ನು ಹಿಡಿದುಕೊಂಡೇ ನಮ್ಮಿಬ್ಬರ ಮುಖ ನೋಡುತ್ತಿದ್ದರು. “ಆಕೀದು ತಪ್ಪಾತೇನ್ರಿ ಸರ್?”

ಪ್ರಶ್ನೆಯಲ್ಲಿ ಸ್ವಲ್ಪ ತೊಡಕಿದೆ, ಆಮೇಲೆ ನೋಡೋಣ ಎಂದು ಹೇಳಲು ಬಾಯಿ ತೆರೆದಿದ್ದೆ. ಇಪ್ಪತ್ತೆರಡು ವರ್ಷದ ಜಂಬ ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಆದರೆ ಆ ಹುಡುಗಿ ನನ್ನನ್ನು ಸೋಲಿಸಿದ ಹಿಗ್ಗಿನಲ್ಲಿ ನಿಂತಿರಲಿಲ್ಲ. ಅಪ್ಪನ ಕೈಯಲ್ಲಿದ್ದ ಪೆನ್ನನ್ನೇ ನೋಡುತ್ತಿದ್ದಳು.

“ಆಕೀದಲ್ರಿ, ತಪ್ಪು ನಂದು. ಲೆಕ್ಕಾನ ತಪ್ಪು ಬರದು ಕೊಟ್ಟೇನಿ,” ಎಂದೆ. ಪಕ್ಕದ ಟೇಬಲ್ಲಿನ ರಸಾಯನಶಾಸ್ತ್ರದ ಮೇಡಂ ತಲೆಯೆತ್ತಿ ನೋಡಿ, ಕೇಳಿಸಲಿಲ್ಲವೆಂಬಂತೆ ಮತ್ತೆ ತಗ್ಗಿಸಿದರು.

“ಹಂಗಾದ್ರ ಈ ಅರ್ಜಿ?”

“ಬ್ಯಾಡ್ರಿ. ಆಕಿ ಇಲ್ಲೇ ಇರಲಿ. ಲಗೂ ಬರಿಯೂದು ನಾ ಕಲಸತೇನಿ.”

ಸುಗುಣಾ ನಗಲಿಲ್ಲ. ಮೆಲ್ಲಗೆ ನೋಟ್‌ಬುಕ್ಕನ್ನು ನನ್ನ ಕಡೆ ಸರಿಸಿ, “ಸರ್, ಈ ಕೆಂಪ ಗೆರಿ?” ಎಂದಳು. ‘ಅಪೂರ್ಣ’ವನ್ನು ಹೊಡೆದು ಹಾಕಿ, ಪಕ್ಕದಲ್ಲಿ ‘ಸರಿ’ ಎಂದು ಬರೆದು, ತಾರೀಖಿನೊಂದಿಗೆ ಸಹಿ ಮಾಡಿಕೊಟ್ಟೆ. ಅದನ್ನು ಎರಡು ಸಲ ಓದಿಕೊಂಡು ತರಗತಿಗೆ ಹೋದಳು.

ಪ್ರಭಾಕರ ಅವರನ್ನು ಕ್ಯಾಂಟೀನಿಗೆ ಕರೆದೊಯ್ದೆ. ಅವರು ಚಹಾವನ್ನು ಬಸಿಗೆ ಸುರುವಿಕೊಂಡು ಕೇಳಿದರು. “ಸರ್, ನನಗ ಇದೇನೂ ತಿಳಿಯೂದಿಲ್ಲ, ಒಂದ ಮಾತು ಕೇಳತೇನಿ. ಲೆಕ್ಕಾನ ತಪ್ಪಿತ್ತಂದ್ರ, ಆ ನಲವತ್ತೇಳು ಮಂದಿ ಹೆಂಗ ಸಾಧಿಸ್ಯಾರ್ರಿ?” ಮುಖದಲ್ಲಿ ಕುಹಕವೇನೂ ಇರಲಿಲ್ಲ, ಅವರಿಗೆ ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು.

“ಅವರು ನಾ ಕಲಿಸಿದ್ದು ಕಲತಾರ್ರಿ. ನಿಮ್ಮ ಮಗಳು ನೀವು ಕಲಿಸಿದ್ದು ಕಲತಾಳ.”

ಅವರು ಇದನ್ನು ಹೊಗಳಿಕೆಯೆಂದು ತಿಳಿಯಲೇ ಇಲ್ಲ, ಕೆಲಸದ ಮಾತೆಂದೇ ತಿಳಿದರು. “ಹಂಗಂದ್ರ ಆ ಹುಡುಗೂರನ್ನ ಒಂದೆರಡು ದಿನ ನನ್ನ ಕಡೆ ಕಳಸ್ರಿ ಸರ್. ಟೇಪು ಹಿಡಿಯೂದು ತೋರಿಸಿ ಕೊಡತೇನಿ. ಎಷ್ಟ ಮಂದಿ ಆಗತಾರಂದ್ರಿ, ನಲವತ್ತೇಳು?”

“ನಲವತ್ತೆಂಟ್ರಿ,” ಎಂದೆ, “ನನ್ನನ್ನೂ ಹಿಡದು.”