ಎಮ್ಮೆ, ಮ್ಯಾಪು, ಮೋಟರು

ನಾನು ದನಗಳ ಡಾಕ್ಟರು. ತವರು ಭಾಲ್ಕಿ, ಗಂಡನ ಮನೆ ಗಡಿಯಾಚೆಯ ನಿಲಂಗಾ. ಸ್ಕೂಟರ್ ಹತ್ತಿ ಸುತ್ತಲಿನ ಹಳ್ಳಿ ತಿರುಗುವುದೇ ಕೆಲಸ. ಜನ ಮರಾಠಿ ರೂಢಿಯಂತೆ ಗೌರವದಿಂದ ‘ಡಾಕ್ಟರ್ ಬಾಯಿ’ ಅನ್ನುತ್ತಾರೆ. ಒದೆಯುವ ಎತ್ತು ಕೂಡ ಮೊದಲು ಕಾಲು ಅಲುಗಿಸಿ ಸೂಚನೆ ಕೊಡುತ್ತದೆ. ಮೊಬೈಲಿಗೆ ಅಷ್ಟೂ ಮರ್ಯಾದೆ ಇಲ್ಲ. ಆಗಾಗ ನನ್ನನ್ನು ಪೇಚಿಗೆ ಸಿಕ್ಕಿಸದಿದ್ದರೆ ಅದಕ್ಕೆ ಸಮಾಧಾನವಿಲ್ಲ.

ಕಟ್ಟಿ ಹಾಕ್ರಿ

ಕೈಗೆ ಗ್ಲೌಸ್ ಇದ್ದಾಗ ಟೈಪ್ ಮಾಡಲಾಗುವುದಿಲ್ಲ. ಅದಕ್ಕೇ ನಾನು ಮಾತಾಡುತ್ತೇನೆ, ಮೊಬೈಲ್ ಬರೆದುಕೊಳ್ಳುತ್ತದೆ. ಔರಾದ ಶಹಾಜನಿಯ ಒಬ್ಬ ರೈತರ ಎಮ್ಮೆಗೆ ಹೊಟ್ಟೆ ಉಬ್ಬರಿಸಿತ್ತು. ಔಷಧ ಕೊಟ್ಟು ಬಂದು, ಮರುದಿನ ಮುಂಜಾನೆ ಅವರಿಗೆ ಮೆಸೇಜ್ ಹೇಳಿದೆ: “ಎಮ್ಮಿಗಿ ಹಸಿ ಮೇವು ಕೊಡಬ್ಯಾಡ್ರಿ. ಹೊರಗ ಬಿಡಬ್ಯಾಡ್ರಿ. ನೆರಳಾಗ ಕಟ್ಟಿ ಹಾಕ್ರಿ.”

ಮೊಬೈಲಿಗೆ ನಮ್ಮ ಕಡೆಯ ‘ಎಮ್ಮಿ’ ಗೊತ್ತಿಲ್ಲ. ಅದು ‘ಅಮ್ಮನಿಗೆ’ ಅಂತ ಬರೆದು ಕಳಿಸಿಬಿಟ್ಟಿತು.

ಸ್ವಲ್ಪ ಹೊತ್ತಿಗೆ ರೈತರ ಫೋನು. “ಡಾಕ್ಟರ್ ಬಾಯಿ, ನಮ್ಮ ಅವ್ವ ಏನ್ ತಪ್ಪ ಮಾಡ್ಯಾಳ್ರೀ?”

ಕಳಿಸಿದ್ದನ್ನು ತೆಗೆದು ಓದಿದೆ. “ಅಯ್ಯ, ಅದು ಎಮ್ಮಿಗಿರೀ! ಅವ್ವಗ ಏನೂ ಮಾಡಬ್ಯಾಡ್ರಿ!”

“ಲಗೂ ಹೇಳಿದ್ರಿ, ಛಲೋ ಆಯ್ತು,” ಅಂದರು ಅವರು. “ನನ್ನ ಹೆಣ್ತಿ ಆಗಲೇ ಹಗ್ಗ ಹುಡ್ಕಲತ್ಯಾಳ.”

ಮ್ಯಾಪಿನಾಕಿ

ಕಾಸಾರಶಿರಸಿ ಹತ್ತಿರದ ಹಳ್ಳಿಯಿಂದ ಕರೆ ಬಂತು. ಆಕಳು ಬೆಳಗಿನಿಂದ ಬೇನೆ ತಿನ್ನುತ್ತಿದೆ, ಕರು ಹೊರಗೆ ಬರುತ್ತಿಲ್ಲ. ತಡವಾದರೆ ಎರಡೂ ಉಳಿಯುವುದಿಲ್ಲ. ಅವರಿವರನ್ನು ಕೇಳುತ್ತ ಕೂಡುವಷ್ಟು ಹೊತ್ತಿಲ್ಲವೆಂದು ಮ್ಯಾಪ್ ಹಚ್ಚಿಕೊಂಡು ಹೊರಟೆ. ಅದರೊಳಗಿನ ಹೆಣ್ಣುಮಗಳು ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ. ಡಾಂಬರು ಮುಗಿಯಿತು, ಮಣ್ಣಿನ ದಾರಿಯೂ ಮುಗಿಯಿತು, ಎದುರಿಗೆ ತೊಗರಿ ಹೊಲ. “ನೇರವಾಗಿ ಹೋಗಿ,” ಅಂದಳು.

ಹೊಲದಲ್ಲಿ ಕಸ ತೆಗೆಯುತ್ತಿದ್ದ ಮುದುಕಿ ಎದ್ದು ನಿಂತಳು. “ಎಲ್ಲಿಗಿ ಹೊಂಟಿ ತಾಯಿ?”

ಊರ ಹೆಸರು ಹೇಳಿದೆ.

“ಅದು ಹಿಂದ ಬಿಟ್ಟಿ. ನಿನಗ ಈ ಕಡಿ ಯಾರ ಕಳ್ಸ್ಯಾರ?”

ಮೊಬೈಲ್ ತೋರಿಸಿದೆ. “ಈಕಿ ನಮ್ಮ ಕಡಿಯಾಕಿ ಅಲ್ಲ ಬಿಡು,” ಅಂದವಳೇ ಕುರ್ಪಿ ಸೊಂಟಕ್ಕೆ ಸಿಕ್ಕಿಸಿ ಸ್ಕೂಟರಿನ ಹಿಂದೆ ಕೂತಳು. ಯಾರ ಮನೆಯೆಂದು ಕೇಳಿಕೊಂಡು, ದಾರಿ ಹೇಳುತ್ತ ನೇರ ಕೊಟ್ಟಿಗೆಯ ಬಾಗಿಲಿಗೇ ತಂದು ನಿಲ್ಲಿಸಿದಳು.

ಕರುವಿನ ಮುಂಗಾಲೊಂದು ಒಳಗೆ ಮಡಚಿಕೊಂಡಿತ್ತು. ಕೈ ಹಾಕಿ ನೀಟಾಗಿ ಮಾಡಿದೆ, ನಾನು ಹೇಳಿದಾಗ ಮನೆಯವರು ಎಳೆದರು. ಮುದುಕಿ ಆಕಳ ಕೊರಳು ಸವರುತ್ತ ಕೂತಿದ್ದಳು. ಕರು ಹುಲ್ಲಿನ ಮೇಲೆ ಜಾರಿ ಬಿತ್ತು. ಮೂಗು ಒರೆಸಿದೆ. ಅಲುಗಾಟವಿಲ್ಲ. ಎದೆ ತಿಕ್ಕಿದೆ. ಆಮೇಲೆ ಒಂದು ಸೀನು ಸೀನಿತು! ನೆಟ್‌ವರ್ಕ್ ಆಗ ಬಂದಿರಬೇಕು, ನನ್ನ ಜೇಬು ಮಾತಾಡಿತು: “ನೀವು ತಲುಪಬೇಕಾದ ಸ್ಥಳ ತಲುಪಿದ್ದೀರಿ.”

ಮುದುಕಿ ನನ್ನ ಜೇಬಿನ ಕಡೆ ಬಾಗಿದಳು. “ನಾವ್ ಮುಟ್ಟಿ ಹಡಿಯೋದೂ ಮುಗದದ. ನೀ ಈಗ ಬಂದೇನವ್ವಾ?”

ಆಸಕ್ತಿ ಇದ್ದವರು

ಉಮರ್ಗಾ ದಾರಿಯಲ್ಲಿ ನನಗೆ ದೂರದ ಸಂಬಂಧದ ಮಾಮಾ ಒಬ್ಬರಿದ್ದಾರೆ. ಬಾವಿಯ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಕೂಡಿಸಿದರು. ಡಬ್ಬಿಯೊಳಗೊಂದು ಸಿಮ್. ಮನೆಯಿಂದ ಫೋನ್ ಹಚ್ಚಿದರೆ ಡಬ್ಬಿ ತಾನೇ ಎತ್ತುತ್ತದೆ, ಮೋಟರ್ ಚಾಲೂ. ಮತ್ತೆ ಹಚ್ಚಿದರೆ ಬಂದ್. “ಇನ್ನ ಹೊಲಕ್ಕ ಹೋಗೋದೇ ಬ್ಯಾಡ ನೋಡು,” ಅಂತ ಕಂಡವರಿಗೆಲ್ಲ ಹೇಳಿದರು. ಹೋಗಲೂ ಇಲ್ಲ.

ಒಂದು ದಿನ ಹೋಗಿ ನೋಡಿದರೆ ಬದನೆ ಮಡಿ ಕೆರೆಯಾಗಿತ್ತು. ಗಿಡಗಳು ಹಳದಿ ತಿರುಗಿದ್ದವು. ಯಾರೂ ಹಚ್ಚದೆ ಮೋಟರ್ ಚಾಲೂ ಆಗುತ್ತಿದೆ! ಪಕ್ಕದ ಹೊಲದವರದೇ ಕಿತಾಪತಿ ಅಂತ ಮಾಮಾ ಅವರ ಜೊತೆ ಮಾತು ಬಿಟ್ಟರು. ಎಷ್ಟೋ ವರ್ಷದ ದೋಸ್ತಿ.

ಮಾಮಾನ ಎತ್ತಿನ ಕಾಲಿಗೆ ಪಟ್ಟಿ ಕಟ್ಟಲು ನಾನು ಹೋದಾಗ ಮಾಮಿ ಗಂಡನಿಗೆ ಅಂದರು, “ಅದೂ ಫೋನೇ ಅಲ್ಲೇನ್ರೀ? ಯಾರರೆ ಹಚ್ಚಲತ್ತಿರಬೇಕು. ಸಿಮ್ ತೆಗದು ನಿಮ್ಮ ಫೋನಿಗಿ ಹಾಕ್ರಿ, ನೋಡೋಣು.”

ಹಾಕಿದರು. ಚಹಾ ಆರುವುದರೊಳಗೆ ಫೋನು ರಿಂಗಾಯಿತು. ಸ್ಪೀಕರಿನಲ್ಲಿ ರೆಕಾರ್ಡ್ ಮಾಡಿದ ದನಿ: “ನಿಮ್ಮ ಜೀವಕ್ಕೆ ವಿಮೆ ಇದೆಯೇ? ಈ ಕರೆ ಬೇಡವಾದರೆ ಒಂಬತ್ತು ಒತ್ತಿ.”

“ಮೋಟರಿಗಿ ಬೆರಳ ಎಲ್ಲಿ ಅವ ಒತ್ಲಿಕ್ಕ?” ಅಂದರು ಮಾಮಿ.

ಮಾಮಾ ಚಹಾ ಅಲ್ಲೇ ಬಿಟ್ಟು ಪಕ್ಕದ ಹೊಲಕ್ಕೆ ಓಡಿ ದೋಸ್ತನ ಕೈ ಹಿಡಿದುಕೊಂಡರು. ಇಬ್ಬರೂ ಕೂಡಿಯೇ ಕಾಲುವೆ ಕಡಿದು ನೀರು ಹೊರಗೆ ಬಿಟ್ಟರು.

ಪಟ್ಟಿ ಬದಲಿಸಲು ಮತ್ತೆ ಹೋದಾಗ ಬದನೆ ಗಿಡಗಳು ಹೊಸ ಎಲೆ ಬಿಟ್ಟಿದ್ದವು. ಡಬ್ಬಿ ಬೇರೆಯವರ ಕರೆ ಎತ್ತದಂತೆ ಮಾಡಲು ಕರೆದಿದ್ದ ಮೆಕ್ಯಾನಿಕ್ ಇನ್ನೂ ಬಂದಿರಲಿಲ್ಲ. ಸಿಮ್ ಮಾಮಾನ ಫೋನಿನಲ್ಲೇ ಇತ್ತು. ದಿನಾ ಹೊಲಕ್ಕೆ ಹೋಗಿ, ದೋಸ್ತನ ಜೊತೆ ಹರಟೆ ಹೊಡೆದು, ಕೈಯಿಂದಲೇ ಮೋಟರ್ ಹಚ್ಚಿ ಬರುತ್ತಿದ್ದರು. ನಾವು ಮಾತಾಡುತ್ತಿರುವಾಗಲೇ ಫೋನು ಬಂತು. ಈ ಸಲ ಖರೆ ಹುಡುಗಿಯೇ, ರೆಕಾರ್ಡ್ ಅಲ್ಲ.

“ಸರ್, ನೀವು ನಮ್ಮ ಪ್ರತಿ ಕಾಲ್ ಎತ್ತಿ ಕೊನೆತನಕ ಕೇಳಿದ್ದೀರಿ. ಇಷ್ಟು ಆಸಕ್ತಿ ಬೇರೆ ಯಾರೂ ತೋರಿಸಿಲ್ಲ.”

ಮಾಮಾ ಮರ್ಯಾದೆಯಿಂದಲೇ ಹೇಳಿದರು. “ಕೇಳಾಂವ ನಾ ಅಲ್ಲವ್ವಾ. ನಮ್ಮ ಮೋಟರ್. ಹೊಲದಾಗ ಇರ್ತದ.”

ಹುಡುಗಿ ಏನೋ ಟೈಪ್ ಮಾಡಿಕೊಂಡ ಸದ್ದು ಕೇಳಿತು.

“ಅಡ್ಡಿಯಿಲ್ಲ ಸರ್,” ಅಂದಳು. “ಅವರ ವಯಸ್ಸೆಷ್ಟು?”