ಲೈಸೆನ್ಸಿನ ಗಂಟಲು

ನನ್ನ ದನಿಯ ಬಗ್ಗೆ ನನಗೆ ಯಾವ ಭ್ರಮೆಯೂ ಇಲ್ಲ. ಊಟಕ್ಕೆ ಕುಳಿತು ಇನ್ನೊಂದಿಷ್ಟು ಸಾರು ಎಂದರೆ ಮಜ್ಜಿಗೆ ಬರುವ ಮನೆ ನಮ್ಮದು. “ಗಂಟಲಿರೋದು ನುಂಗೋದಕ್ಕೆ ಮಾತ್ರ ಅಂದ್ಕೊಂಡಿದೀರಾ?” ಎಂದು ನನ್ನಾಕೆ ಕೇಳುತ್ತಾಳೆ. ಅದಕ್ಕೆ ನಾನು ಕೊಡುವ ಖಾರವಾದ ಉತ್ತರವೂ ಅವಳಿಗೆ ಕೇಳಿಸುವುದಿಲ್ಲ, ಪುಣ್ಯಕ್ಕೆ. ಇಂಥವನನ್ನು ಹರಾಜು ಕೂಗಲು ನಿಲ್ಲಿಸಿದರಲ್ಲ, ಅವರ ಬುದ್ಧಿಗೆ ಏನೆನ್ನಬೇಕು, ನೀವೇ ಹೇಳಿ.

ಆಗ ನಾನು ಗುಂಡ್ಲುಪೇಟೆಯಲ್ಲಿ ಗುಮಾಸ್ತ. ಯಾವ ಕಛೇರಿ ಎಂದು ಕೇಳಬೇಡಿ, ಪೆನ್ಷನ್ ಇನ್ನೂ ಬರುತ್ತಿದೆ. ಸ್ವಾತಂತ್ರ್ಯ ಬಂದು ಕೆಲವೇ ವರ್ಷವಾಗಿತ್ತು. ಏನಕ್ಕೆ ಬರವಿದ್ದರೂ ನಿಯಮಗಳಿಗೆ ಬರವಿರಲಿಲ್ಲ. ರಸ್ತೆ ಬದಿಯ ಹುಣಸೆಮರಗಳ ಫಸಲು, ಸಂತೆಯ ಸುಂಕ, ಗಾಳಿಗೆ ಬಿದ್ದ ಮರ, ಎಲ್ಲವನ್ನೂ ನಮ್ಮಲ್ಲಿ ಹರಾಜು ಹಾಕುತ್ತಿದ್ದೆವು. ಕೂಗುತ್ತಿದ್ದವನು ತೆರಕಣಾಂಬಿಯ ಪುಟ್ಟಮಾದಪ್ಪ. ಅವನು ಬಾಯಿ ತೆರೆದರೆ ಕೊಳ್ಳಲು ಬಂದವರಿರಲಿ, ಬಸ್ಸಿಗೆ ಕಾದು ನಿಂತವರೂ ಬಂದು ಎಂಟಾಣೆ ಏರಿಸುತ್ತಿದ್ದರು. ಅವನ ಸಂಸಾರ ನಡೆಯುತ್ತಿದ್ದದ್ದು ಆ ಗಂಟಲಿನಿಂದಲೇ.

ಹೀಗಿರುವಾಗ ಹೊಸ ನಿಯಮ ಬಂತು: ಲೈಸೆನ್ಸ್ ಇಲ್ಲದವರು ಹರಾಜು ನಡೆಸಕೂಡದು. ಅದಕ್ಕೇನಂತೆ, ಮಾದಪ್ಪನಿಗೊಂದು ಕೊಟ್ಟುಬಿಡೋಣ ಎಂದುಕೊಂಡೆವು. ಹಾಗೆಲ್ಲ ಕೊಡುವಂತಿಲ್ಲ! ಊರಿಗೆ ಒಂದೇ ಲೈಸೆನ್ಸ್, ಅದನ್ನು ಬಹಿರಂಗ ಹರಾಜಿನಲ್ಲೇ ಕೊಡಬೇಕು. ಆ ಹರಾಜು ನಡೆಸುವವರು ಯಾರು? ಲೈಸೆನ್ಸ್ ಇದ್ದವರು. ಯಾರಿಗಿದೆ ಲೈಸೆನ್ಸು? ಅದು ಹರಾಜಾದ ಮೇಲೆ ತಾನೆ ಗೊತ್ತಾಗುವುದು! ಕೊನೆಗೆ ಚಾಮರಾಜನಗರದಿಂದ ಬಂದ ಸಾಹೇಬರು ಎರಡು ಲೋಟ ಕಾಫಿ ಕುಡಿದು ದಾರಿ ಹುಡುಕಿದರು: ಕಛೇರಿಯ ನೌಕರ ನಡೆಸಿದರೆ ಲೈಸೆನ್ಸ್ ಬೇಡ. ಅವರ ಕಣ್ಣು ನನ್ನ ಮೇಲೆ ಬಿತ್ತು.

ಹರಾಜಿನ ದಿನ ಮಾದಪ್ಪ ಒಗೆದ ಪಂಚೆ ಉಟ್ಟು ಕಛೇರಿಯ ಜಗಲಿಯ ಮುಂದೆ ನಿಂತಿದ್ದ. ಹಿಂದೆ ಅವನ ಹೆಂಡತಿ. ಇನ್ನೊಬ್ಬನ ಅನ್ನಕ್ಕೆ ಸವಾಲು ಹಾಕುವುದು ನಮ್ಮ ಕಡೆ ಯಾರೂ ಮಾಡುವ ಕೆಲಸವಲ್ಲ. ಆದ್ದರಿಂದ ಮಿಕ್ಕವರೆಲ್ಲ ಬಾಯಿ ಮುಚ್ಚಿಕೊಂಡಿರುವುದೆಂದು ಮೊದಲೇ ಮಾತಾಗಿತ್ತು. ಮಾದಪ್ಪ ಐದು ರೂಪಾಯಿ ಎಂದ. ನಾನು “ಐದು ರೂಪಾಯಿ, ಒಂದನೇ ಸಾರಿ” ಎಂದೆ.

“ಏನಂದ್ರಿ ಸ್ವಾಮಿ? ಕೇಳ್ನಿಲ್ಲ!” ಎಂದಿತು ಗುಂಪು.

ಮತ್ತೆ ಅಂದೆ. ಯಾರೋ ನಕ್ಕರು. ಇನ್ನೊಮ್ಮೆ ಬಾಯಿ ತೆರೆದಾಗ ಬರೀ ಗಾಳಿ ಬಂತು. ಮಾದಪ್ಪ ಚಡಪಡಿಸಿದ, ಕಿವಿ ಮುಚ್ಚಿಕೊಂಡ, ಕಡೆಗೆ ತಡೆಯಲಾರದೆ ಜಗಲಿ ಹತ್ತಿಯೇಬಿಟ್ಟ. “ಬುಡಿ ಸ್ವಾಮಿ, ಇಂಗಾ ಕೂಗೋದು? ಏನ್ರಲಾ, ಬರೀ ಐದ್ರುಪಾಯ್ಗೆ ಬುಟ್ಬುಡನಾ? ಸರ್ಕಾರದ ಸೀಲು ಕಣ್ರಲಾ! ಉಮ್ಮತ್ತೂರು ಯಜಮಾನ್ರೇ, ಅಂಗೇ ನೋಡ್ತಾ ನಿಂತ್ಬುಟ್ರಲ್ಲ!”

ಯಜಮಾನರು ಮೀಸೆ ಸವರಿಕೊಂಡರು. ಆಮೇಲೆ “ಆರು!” ಎಂದುಬಿಟ್ಟರು. ಹರವೆ ಊರಿನವರೊಬ್ಬರು ಏಳು ಎಂದರು. ಅಷ್ಟೇ, ಕಟ್ಟೆ ಒಡೆಯಿತು. ಮಾದಪ್ಪನ ಕಣ್ಣು ಹೊಳೆಯುತ್ತಿತ್ತು.

“ಅಯ್ಯೋ, ಬಾಯ್ ಮುಚ್ಚಿ ಅಂದ್ರೆ! ನಮ್ ಅನ್ನ ಕಣ ಅದು!” ಎಂದು ಅವನ ಹೆಂಡತಿ ಎದೆ ಬಡಿದುಕೊಂಡಳು. ಅವನಿಗೆಲ್ಲಿ ಕೇಳಿಸಬೇಕು! “ಅನ್ನೆರಡು, ಒಂದ್ಸಾರಿ! ಅನ್ನೆರಡು, ಎರಡ್ಸಾರಿ! ಇಷ್ಟೇನಾ ನಿಮ್ ಗಂಡಸ್ತನ?”

“ಹನ್ನೆರಡೂವರೆ!” ಎಂದು ಯಾರೋ ಕಿರುಚಿದರು. ಎಲ್ಲರೂ ನನ್ನ ಕಡೆ ತಿರುಗಿದರು. ಕಿರುಚಿದವನು ನಾನೇ. ಹುಟ್ಟಿದಾಗಿನಿಂದ ನನ್ನ ದನಿ ನೆಟ್ಟಗೆ ಕೇಳಿಸಿದ್ದು ಅದೊಂದೇ ಸಲ.

“ಅನ್ನೆರಡೂವರೆ, ಒಂದ್ಸಾರಿ! ಎರಡ್ಸಾರಿ! ಮೂರ್ಸಾರಿ!” ಎಂದು ಮಾದಪ್ಪ ಕಂಬಕ್ಕೆ ಗುದ್ದಿದ. ಆಮೇಲೆ ಅವನಿಗೆ ಅರಿವಾಯಿತು. ಜಗಲಿಯ ಮೇಲೆ ಕುಸಿದು ಕುಳಿತ. ಇದು ಲೆಕ್ಕಕ್ಕೆ ಬರುತ್ತದೆಯೇ ಎಂದು ನಾನು ಸಾಹೇಬರ ಕಡೆ ನೋಡಿದೆ.

ಸಾಹೇಬರು ನಿಯಮವನ್ನು ಹಿಂದೆ ಮುಂದೆ ತಿರುವಿದರು. ಅಧಿಕಾರ ಇದ್ದವನು ಹರಾಜಿನಲ್ಲಿ ನಿಂತಿರಬೇಕು ಎಂದಿತ್ತೇ ಹೊರತು, ಗಂಟಲು ಯಾರದಿರಬೇಕೆಂದು ಬರೆದಿರಲಿಲ್ಲ. ಹರಾಜು ಊರ್ಜಿತವಾಯಿತು. ಅಂದಿನಿಂದ ಲೈಸೆನ್ಸಿನ ಹಿತ್ತಾಳೆ ಬಿಲ್ಲೆ ನನ್ನ ಎದೆಯ ಮೇಲೆ. ಕೂಗುವುದೂ ಕೂಲಿಯೂ ಮಾದಪ್ಪನದು. “ನೀವು ಸುಮ್ನೆ ನಿಂತ್ಕಳಿ ಸ್ವಾಮಿ, ಅಷ್ಟು ಮಾಡುದ್ರೆ ಸಾಕು” ಎಂದು ಅವನು ಪ್ರತಿ ಸಲವೂ ಕೈಮುಗಿಯುತ್ತಿದ್ದ.

ಹರಾಜಾದ ದಿನ ರಾತ್ರಿ ಬಿಲ್ಲೆ ಕಳಚದೆಯೇ ಊಟಕ್ಕೆ ಕುಳಿತು, ಗತ್ತಿನಿಂದ ಸಾರು ಕೇಳಿದೆ. ನನ್ನಾಕೆ ಬಿಲ್ಲೆಯನ್ನು ನೋಡಿದಳು.

“ಇದಕ್ಕೆ ಹನ್ನೆರಡೂವರೆ ರೂಪಾಯಿ ಯಾಕೆ ಕೊಟ್ರಿ?”

“ಮಾದಪ್ಪ ಕೂಗಿದ, ಕೊಟ್ಟೆ.”

“ಹಾಗಾದ್ರೆ ನಾಳೆ ಅವನನ್ನೂ ಕರ್ಕೊಂಡು ಬನ್ನಿ. ಸಾರನ್ನೂ ಅವನೇ ಕೇಳಲಿ” ಎಂದು ಮಜ್ಜಿಗೆ ಬಡಿಸಿದಳು.